ನಮ್ಮತ್ತೆಯ ಕವಾಯತು

ಮರೆಯುವವರೊಬ್ಬರು ಮನೆಯಲ್ಲಿದ್ದರೆ, ಉಳಿದವರಿಗೆ ಮರೆಯಲಾಗದ ಪ್ರಸಂಗಗಳಿಗೆ ಏನೂ ಕೊರತೆಯಿಲ್ಲ. ನಮ್ಮಲ್ಲಂತೂ ದಿನಕ್ಕೊಂದು ನಡೆಯುತ್ತಿತ್ತು. ಕೆಲವು ದಿನ ಊಟಕ್ಕೆ ಮೊದಲೊಂದು, ಊಟವಾದ ಮೇಲೊಂದು.

ನಾನು ಸೊಲ್ಲಾಪುರದ ನೂಲಿನ ವ್ಯಾಪಾರಸ್ಥರ ಮನೆಯ ಕಿರಿ ಸೊಸೆ. ಗಿರಣಿಯ ಭೋಂಗಾ ಕೂಗಿದರೆ ಊರು ಏಳುತ್ತಿದ್ದ, ಟಾಂಗಾಗಳ ನಡುವೆ ಮೋಟಾರು ಕಂಡರೆ ಜನ ನಿಂತು ನೋಡುತ್ತಿದ್ದ ಕಾಲ. ಅತ್ತೆಯವರಿಗೆ ಮರೆವು ಹತ್ತಿ ಮೂರು ವರ್ಷವಾಗಿತ್ತು. ಹೆತ್ತ ಮಕ್ಕಳ ಗುರುತಿಲ್ಲ, ಉಂಡದ್ದು ನೆನಪಿಲ್ಲ. ತಮಗಿನ್ನೂ ಹದಿನಾಲ್ಕು ವರ್ಷ, ಮೊನ್ನೆಯಷ್ಟೇ ಲಗ್ನವಾಗಿದೆ ಎಂಬುದೊಂದು ಮಾತ್ರ ಗಟ್ಟಿ. ಒಂದು ಸಂಜೆ ಯಾರ ಕಣ್ಣಿಗೂ ಬೀಳದೆ ಹೊರಟವರು ಕೆರೆಯ ಮೆಟ್ಟಿಲ ಮೇಲೆ ಸಿಕ್ಕರು. ಕೂತವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಅಕ್ಕಲಕೋಟೆಯಲ್ಲಿ ಹೊಲಮನೆ ನೋಡಿಕೊಂಡಿದ್ದ ಭಾವನವರು, ಅಂದರೆ ಅತ್ತೆಯ ಹಿರಿ ಮಗ, ಸುದ್ದಿ ಕೇಳಿ ಓಡಿ ಬಂದರು. "ಖೋಲಿಯೊಳಗ ಕೂಡಸ್ರಿ, ಹೊರಗ ಕುಲುಪ ಹಾಕ್ರಿ" ಎಂದರು. ಕೆಟ್ಟ ಮನಸ್ಸಿನಿಂದಲ್ಲ. ಅವ್ವ ಕೆರೆಗೆ ಬಿದ್ದಾಳೆಂಬ ಹೆದರಿಕೆ.

ಅತ್ತೆಯನ್ನು ನೋಡಲು ಮನೆಗೆ ಬರುತ್ತಿದ್ದ ಡಾಕ್ಟರು ಒಪ್ಪಲಿಲ್ಲ. "ಬೀಗ ಹಾಕಿದರೆ ಹಾಸಿಗೆ ಹಿಡಿಯುತ್ತಾರೆ, ಮತ್ತೆ ಏಳುವುದಿಲ್ಲ. ದಿನಾ ನಡೆಸಿ, ಕೈ ಆಡಿಸಿ, ಕೂತಲ್ಲಿಂದ ತಾವೇ ಏಳುವಂತೆ ಮಾಡಿ" ಎಂದರು.

"ಹೌದೇನ್ರಿ?" ಎಂದರು ಭಾವ. "ದೀಪಾವಳಿಗೆ ಬರ್ತೀನಿ. ಅವ್ವ ತಾನಾಗೆ ಎದ್ದು ನಿಂತು ತೋರಿಸಿದ್ರ ನಿಮ್ಮ ಕವಾಯತು ಖರೆ. ಇಲ್ಲಾಂದ್ರ ಕುಲುಪ ನಾನ ತರ್ತೀನಿ."

ಭಾವನವರ ಎದುರು ತಮ್ಮನ ಹೆಂಡತಿ ಬಾಯಿ ತೆರೆಯುವಂತಿಲ್ಲ. ಬಾಗಿಲ ಹಿಂದೆ ನಿಂತು ಹಲ್ಲು ಕಚ್ಚಿಕೊಂಡೆ. ಈ ಮನೆಗೆ ಬಂದ ದಿನದಿಂದ ನನ್ನನ್ನು ಮಗಳ ಹಾಗೆ ಕಂಡವರು ಅತ್ತೆ. ಅವರನ್ನು ಬೀಗದೊಳಗೆ ಇಡಲು ನಾನು ಬಿಡುವವಳಲ್ಲ.

ತವರಿಗೆ ಹೋದದ್ದು

ಸಂಜೆಯ ಭೋಂಗಾ ಕೂಗಿದ್ದೇ ತಡ, ಅತ್ತೆ ಗಂಟು ಕಟ್ಟುವರು. "ಚಪಳಗಾಂವಕ್ಕ ಹೋಗ್ತೀನಿ. ನಮ್ಮವ್ವ ದಾರಿ ನೋಡಾಕತ್ತಾಳ." ತಡೆದರೆ ಪರಚುವರು. ನಿಮ್ಮವ್ವ ತೀರಿಕೊಂಡು ನಲವತ್ತು ವರ್ಷವಾಯಿತೆಂದು ನಾನು ಒಂದು ದಿನ ಹೇಳಿಬಿಟ್ಟೆ. ಆಗಷ್ಟೇ ಸುದ್ದಿ ಬಂದವರ ಹಾಗೆ ಎದೆ ಬಡಿದುಕೊಂಡು ಅತ್ತರು. ಮತ್ತೆಂದೂ ನಾನು ಆ ಮಾತು ಎತ್ತಲಿಲ್ಲ.

ಮರುದಿನ ಬೇರೆ ಹಾದಿ ಹಿಡಿದೆ. "ಹೋಗೂಣಂತ. ಆದ್ರ ಉಡಿ ತುಂಬಸ್ಕೊಳ್ಳಲಾರದ ತವರಿಗೆ ಹೋಗ್ತಾರೇನು?" ಎಂದು ಸೆರಗಿನಲ್ಲಿ ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲು ಹಾಕಿದೆ. ಅವರ ಮುಖ ಅರಳಿತು. ಗಂಡ ಸತ್ತವರಿಗೆ ಉಡಿ ತುಂಬುವುದುಂಟೇನು ಎಂದು ಓಣಿಯ ಹೆಂಗಸರು ಮೂಗು ಮುರಿದರು. "ಹದಿನಾಲ್ಕರ ಮದುಮಗಳಿಗೆ ತುಂಬೀನಿ, ನಿಮಗೇನ್ರಿ?" ಎಂದೆ.

ಅವರ ಕೈ ಹಿಡಿದು ಓಣಿಯನ್ನೆಲ್ಲ ಸುತ್ತಿ, ಗುಡಿ ದಾಟಿ, ಕೊನೆಗೆ ನಮ್ಮದೇ ಮನೆಯ ಹಿತ್ತಲ ಬಾಗಿಲು ಬಡಿದೆ. ಒಳಗೆ ಪಕ್ಕದ ಮನೆಯ ಅಜ್ಜಿಯನ್ನು ಮೊದಲೇ ಕೂರಿಸಿದ್ದೆ. ಆಕೆ "ಬಾ ಮಗಳ, ದಣದ್ಯೇನು?" ಎಂದು ಕಾಲಿಗೆ ನೀರು ಕೊಟ್ಟು, ಬೆಲ್ಲ ಕೊಟ್ಟಳು. ಅತ್ತೆ ಗೋಡೆಗೆ ಒರಗಿ ಕೂತು ಹಾಯಾಗಿ ಉಸಿರು ಬಿಟ್ಟರು. ಅಂದಿನಿಂದ ಇದೇ ನಿತ್ಯದ ವಾಕಿಂಗು ಆಯಿತು.

ತವರೆಂದ ಮೇಲೆ ದೂರು ಬೇಡವೇ? ಒಂದು ದಿನ ಅಜ್ಜಿಯ ಕಿವಿಯಲ್ಲಿ ಅತ್ತೆ ಹೇಳುತ್ತಿದ್ದರು: "ಆ ಮನ್ಯಾಗ ಒಬ್ಬಾಕಿ ಅದಾಳವ್ವ. ದಿನಾ ಅಡ್ಡಾಡ್ಸಿ ಅಡ್ಡಾಡ್ಸಿ ನನ್ನ ಜೀವಾ ತಿಂತಾಳ."

ಅಜ್ಜಿ ನಗು ತಡೆಯುತ್ತ ನನ್ನತ್ತ ಬೊಟ್ಟು ಮಾಡಿ, "ಈಕೀನೇನು?" ಎಂದಳು.

"ಛೇ, ಛೇ! ಈಕಿ ಭಾಳ ಚೊಲೋಕಿ. ಆಕಿ ಕೈಯಾಗಿಂದ ಬಿಡಿಸ್ಕೊಂಡು ನನ್ನ ಇಲ್ಲಿಗೆ ಕರಕೊಂಡ ಬಂದಾಕಿನ ಈಕಿ!"

ಸೀರೆ ಮಡಿಚಿದ್ದು

ಇನ್ನು ಕೈಗಳ ಕೆಲಸ. "ಕೈ ಮ್ಯಾಲೆ ಎತ್ತರಿ" ಎಂದರೆ ಅತ್ತೆ ನನ್ನನ್ನೇ ಕೆಳಗಿನಿಂದ ಮೇಲಿನವರೆಗೆ ನೋಡುವರು. ಆದರೆ ಒಣಗಿದ ಇಳಕಲ್ ಸೀರೆಯ ಒಂದು ತುದಿ ಅವರ ಕೈಗೆ ಕೊಟ್ಟರೆ ಸಾಕು. ಒಂಬತ್ತು ಗಜದ ಸೀರೆ. ಕೈ ಚಾಚಿ ಜಗ್ಗಬೇಕು, ಎತ್ತಿ ಝಾಡಿಸಬೇಕು, ನಾಲ್ಕು ಹೆಜ್ಜೆ ಮುಂದೆ ಬಂದು ನನ್ನ ತುದಿಗೆ ತುದಿ ಕೂಡಿಸಬೇಕು. ತರಬೇತಿ ಪಡೆದ ಪೈಲವಾನನಿಗೂ ಅಷ್ಟು ಅಂದವಾಗಿ ಬಾರದು.

ಆದರೆ ಮನೆಯಲ್ಲಿ ದಿನಾ ಎಷ್ಟು ಸೀರೆ ಒಣಗಿಯಾವು? ಮಡಿಚಿದ್ದನ್ನು ಅವರು ಅತ್ತ ತಿರುಗಿದಾಗ ಬಿಚ್ಚಿ, "ಅತ್ತಿ, ಇದೊಂದು ಉಳದೈತಿ ನೋಡ್ರಿ" ಎನ್ನುತ್ತಿದ್ದೆ. ಅವರಿಗೆ ಹೇಗೂ ನೆನಪಿರುವುದಿಲ್ಲ ಎಂಬ ಧೈರ್ಯ. ಒಂದು ವಾರ ಸಾಗಿತು. ಮುಂದೊಂದು ದಿನ ಡಾಕ್ಟರು ಬಂದಾಗ ಅತ್ತೆ ತಾವಾಗಿ ಅವರನ್ನು ಹತ್ತಿರ ಕರೆದರು. ಡಾಕ್ಟರಿಗೆ ಬಹಳ ಸಂತೋಷವಾಯಿತು. ಬಗ್ಗಿ ಕಿವಿಗೊಟ್ಟರು.

"ನನಗೇನೂ ಆಗಿಲ್ರಿ," ಎಂದರು ಅತ್ತೆ. "ಈ ಹುಡುಗೀಗೆ ಏನರೆ ಔಷಧ ಕೊಡ್ರಿ. ಪಾಪ, ಭಾಳ ಮರವು. ಒಂದ ಸೀರಿ ಮೂರು ಸರ್ತಿ ಮಡಚತಾಳ!"

ಕೆಮ್ಮು

ಕಾಲು ಬಂತು, ಕೈ ಬಂತು. ಏಳುವುದೊಂದು ಬರಲಿಲ್ಲ. ಒಮ್ಮೆ ನೆಲಕ್ಕೆ ಕೂತರೆ ಮುಗಿಯಿತು. ಎಬ್ಬಿಸಲು ಹೋದರೆ ಮೈಯೆಲ್ಲ ಭಾರ ಬಿಟ್ಟು ಜೋಳದ ಚೀಲದ ಹಾಗೆ ಕೂತುಬಿಡುವರು. ದೀಪಾವಳಿಗೆ ಉಳಿದ ದಿನಗಳನ್ನು ಬೆರಳಲ್ಲಿ ಎಣಿಸತೊಡಗಿದೆ.

ಒಂದು ಬೆಳಿಗ್ಗೆ ಯಾರೋ ಹಿರಿಯರು ನಮ್ಮನೆಯವರನ್ನು ಕೇಳಿಕೊಂಡು ಬಂದು ಬಾಗಿಲಲ್ಲಿ ಕೆಮ್ಮಿದರು. ಗಂಡಸರು ಒಳಗೆ ಬರುವ ಮೊದಲು ಕೆಮ್ಮಿ ಸೂಚನೆ ಕೊಡುವುದು ಪದ್ಧತಿ. ನೋಡುತ್ತೇನೆ, ಅತ್ತೆ ಗೋಡೆ ಹಿಡಿದು ಸರಕ್ಕನೆ ಎದ್ದು ನಿಂತಿದ್ದಾರೆ! ಸೆರಗು ತಲೆಯ ಮೇಲೆ, ಕಣ್ಣು ನೆಲದ ಮೇಲೆ. ನನ್ನತ್ತ ವಾಲಿ, "ಮಾವನವ್ರು ಬಂದ್ರು, ಏಳ" ಎಂದು ಪಿಸುಗುಟ್ಟಿದರು. ಅವರ ಮಾವನವರು ಸತ್ತದ್ದು ನಾನು ಹುಟ್ಟುವ ಮೊದಲು. ಆದರೆ ಹೊಸ ಸೊಸೆ ಮಾವನ ಕೆಮ್ಮಿಗೆ ಕೂತಿರುವುದುಂಟೆ?

ಅಂದಿನಿಂದ ನಮ್ಮನೆಯವರಿಗೆ ಕೆಲಸ ಹತ್ತಿತು. ಮುಂಜಾನೆ ಐದು ಸಲ, ಸಂಜೆ ಐದು ಸಲ ಬಾಗಿಲ ಹೊರಗೆ ಕೆಮ್ಮಬೇಕು. ಮೊದಲ ದಿನ ಬೆಕ್ಕಿನ ಮರಿಯ ಹಾಗೆ ಕೆಮ್ಮಿದರು. ಅತ್ತೆ ಅಲ್ಲಾಡಲಿಲ್ಲ. "ಯಜಮಾನರಂಗ ಕೆಮ್ಮರಿ!" ಎಂದು ಗದರಿಸಿದೆ. ವಾರದಲ್ಲಿ ಪಳಗಿದರು. ಎಷ್ಟು ಪಳಗಿದರೆಂದರೆ, ಇವರಿಗೆ ಕ್ಷಯವೆಂದು ಪೇಟೆಯಲ್ಲಿ ಸುದ್ದಿಯಾಗಿ, ಗಿರಾಕಿಗಳು ಮೂಗಿಗೆ ಧೋತರದ ಚುಂಗು ಹಿಡಿದು ನೂಲು ಕೊಳ್ಳತೊಡಗಿದರು.

ಹೀಗಿರುವಾಗ ಭಾವನವರು ಹಬ್ಬಕ್ಕೆ ನಾಲ್ಕು ದಿನ ಮೊದಲೇ ಮೋಟಾರಿನಲ್ಲಿ ಬಂದಿಳಿದರು. ಕೈಯಲ್ಲಿ ಹೊಸ ಹಿತ್ತಾಳೆಯ ಬೀಗ. ನಮ್ಮನೆಯವರು ಅಂಗಡಿಯಲ್ಲಿ. ಮನೆಯಲ್ಲಿ ಕೆಮ್ಮುವವರೇ ಇಲ್ಲ!

ಭಾವ ನಡುಮನೆಗೆ ಬಂದು, "ಅವ್ವಾ, ಏಳು" ಎಂದರು. ಅತ್ತೆ ತಲೆ ಎತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ ಕರೆದರು. "ಬಿಲ್ಕುಲ್ ಏಳೂದಿಲ್ಲ" ಎಂದು ಪಡಸಾಲೆಗೆ ಹೋಗಿ ಮಂಚದ ಮೇಲೆ ಕೂತರು. ಬೀಗ ಪಕ್ಕದಲ್ಲಿಟ್ಟರು. "ಕೆಮ್ಮರಿ" ಎಂದು ಭಾವನಿಗೆ ಹೇಳುವ ಹಾಗಿಲ್ಲ. ನನಗೆ ಅಳು ಬಂತು. ಅಳುತ್ತಲೇ ಅಡುಗೆಮನೆಗೆ ಹೋಗಿ, ಒಂದು ಹಿಡಿ ಒಣಮೆಣಸಿನಕಾಯಿ ಎತ್ತಿ ಕೆಂಡಕ್ಕೆ ಎಸೆದೆ.

ಘಾಟು ನೇರವಾಗಿ ಪಡಸಾಲೆಗೆ ನಡೆಯಿತು. ಭಾವ ಕೆಮ್ಮಿದರು. ಅತ್ತೆ ಎದ್ದರು! ಭಾವ ಸುಮ್ಮನಾದರು, ಅತ್ತೆ ಕೂತರು. ಮತ್ತೆ ಕೆಮ್ಮಿದರು, ಮತ್ತೆ ಎದ್ದರು. ಅರವತ್ತು ವರ್ಷ ಒಲೆಯ ಮುಂದೆ ಕಳೆದ ಅತ್ತೆಗೆ ಒಂದು ಸೀನೂ ಇಲ್ಲ. ಭಾವ ಕಣ್ಣೀರು ಸುರಿಸುತ್ತ ಬಾಗಿಲಿಗೆ ಬಂದು ನೋಡುತ್ತಾರೆ, ಕೆಮ್ಮುತ್ತಾರೆ, ಅವ್ವ ಯಾರ ಆಸರೆಯಿಲ್ಲದೆ ಏಳುತ್ತಾಳೆ. ಏಳು ಸಲ ಎಣಿಸಿದೆ.

ಎಂಟನೆಯದಕ್ಕೆ ಅತ್ತೆಯ ತಾಳ್ಮೆ ಮುಗಿಯಿತು. ಜೀವಮಾನದಲ್ಲಿ ಮಾವನೆದುರು ಚಕಾರ ಎತ್ತದವರು ಸೆರಗಿನೊಳಗಿಂದಲೇ ಗುಡುಗಿದರು: "ಒಳಗ ಬರೂದಿದ್ರ ಬರ್ರಿ, ಹೋಗೂದಿದ್ರ ಹೋಗ್ರಿ! ನಾ ಎಷ್ಟು ಸರ್ತಿ ಏಳ್ಲಿ?"

"ಹೋಗ್ತೀನಿ ಅವ್ವಾ, ಹೋಗ್ತೀನಿ!" ಎಂದು ಭಾವ ಕೈ ಮುಗಿದರು. ಬೀಗವನ್ನು ಕಿಸೆಗೆ ತುರುಕಿಕೊಂಡು, ಬಾಗಿಲ ಹಿಂದಿದ್ದ ನನಗೆ ಕೇಳುವಂತೆ, "ಕುಲುಪ ಬ್ಯಾಡ. ಗೆದ್ದಿ ತಂಗಿ" ಎಂದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕುಣಿದೆ.

ಕಣ್ಣು ಕೆಂಪಾಗಿ, ರುಮಾಲು ಬಿಚ್ಚಿ, ಗೋಡೆ ತಡವುತ್ತ ಹೊಸ್ತಿಲು ದಾಟುತ್ತಿದ್ದ ಭಾವನವರನ್ನು ಅತ್ತೆ ಕರುಣೆಯಿಂದ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಪಾಪ, ಯಾರ ಮನಿಯಾಂವ ಇಂವ? ಹಿಂಥಾವನ್ನ ಒಬ್ಬನ್ನ ಹೊರಗ ಬಿಡ್ತಾರೇನು?"