ವಿಮಾನದ ಮುಳ್ಳೂ ನಮ್ಮ ಅತ್ತೆಯೂ

ನಾಜೂಕಿನ ಕೆಲಸ ಹಿಡಿದವರ ಮನೆಯಲ್ಲಿ ನಗೆಗೆ ಬರಗಾಲವಿಲ್ಲ. ವಸ್ತು ಎಷ್ಟು ಸೂಕ್ಷ್ಮವೋ ಮಂದಿ ಅಷ್ಟೇ ಜೋರಾಗಿ ಬಂದು ಅದರ ಮೇಲೆ ಬೀಳುತ್ತಾರೆ.

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಯಜಮಾನರು ಬೆಂಗಳೂರಿನ ನೌಕರಿ ಬಿಟ್ಟು ರಾಣೆಬೆನ್ನೂರಿಗೆ ಬಂದರು. ಮನೆಯ ಹಿಂದಿನ ಶೆಡ್ಡಿನಲ್ಲಿ ವಿಮಾನಕ್ಕೆ ಬೇಕಾದ, ತಂತಿ ಸುತ್ತಿದ ಕೊಳವೆಯಂಥ ಒಂದು ಪುಟ್ಟ ಸೆನ್ಸರ್ ತಯಾರಿಸತೊಡಗಿದರು. ತಂತಿ ಸುತ್ತುವವರು ಓಣಿಯ ಹೆಣ್ಣುಮಕ್ಕಳು, ಅಳೆದು ಬರೆದಿಡುವವಳು ನಾನು. ಧಾರವಾಡದಲ್ಲಿ ಫಿಜಿಕ್ಸ್ ಓದಿ ಬಿ.ಎಸ್‌ಸಿ. ಮುಗಿಸಿದವಳು; ನಾನು ಬರೆದ ಅಂಕಿಯನ್ನು ತಿದ್ದುವವರು ಇನ್ನೂ ಹುಟ್ಟಿಲ್ಲ.

ಆದರೆ ಶೆಡ್ಡಿನ ಮೇಲೆ ಮೈದುನನ ಕಣ್ಣಿತ್ತು. ಅವನದು ಹತ್ತಿಬೀಜದ ವ್ಯಾಪಾರ. "ವೈನಿ, ಮೊದಲನೇ ಮಾಲು ಪಾಸಾತಂದ್ರ ಶೆಡ್ಡು ನಿಮ್ಮದು. ಆಗಲಿಲ್ಲಾಂದ್ರ ನನ್ನ ಗೋದಾಮು," ಎಂದು ಎಲ್ಲರೆದುರೇ ಹೇಳಿಬಿಟ್ಟಿದ್ದ.

ಚಾಡಿ ಹೇಳುವ ಕೊಳವೆ

ಏನು ಮಾಡುತ್ತೇವೆಂದು ಅತ್ತೆಗೆ ತಿಳಿಸಿ ಹೇಳಬೇಕಿತ್ತು.

"ಪೈಲಟ್ ಕೈಯಾಗಿನ ಕೋಲು ಎಳೀತಾನ್ರಿ. ಎಣ್ಣಿ ಒತ್ತಡಕ್ಕ ಒಂದು ದಂಡ ಸರದು ರೆಕ್ಕಿ ಅಂಚಿನ ಪಟ್ಟಿ ಬಾಗಸತೈತಿ. ಆ ದಂಡ ಖರೇನ ಎಷ್ಟು ಸರೀತು ಅನ್ನೋದನ್ನ ನಮ್ಮ ಕೊಳವಿ ಹೇಳತೈತಿ. ಕೂದಲೆಳಿಯಷ್ಟು ಸರದ್ರೂ ಗೊತ್ತಾಗತೈತ್ರಿ."

ಅತ್ತೆ ಜೋಳ ಹಸನು ಮಾಡುತ್ತಲೇ ಕೇಳಿದರು: "ಅಂದ್ರ, ಹೇಳಿದ ಕೆಲಸ ಮಾಡ್ಯಾನೋ ಇಲ್ಲೋ ಅಂತ ಹಿಂದ ನಿಂತು ನೋಡಿ, ಹೋಗಿ ಹೇಳೋದು?"

"ಹೂನ್ರಿ, ಅಷ್ಟ."

"ಅದಕ್ಕ ಇಷ್ಟು ತಂತಿ ಯಾಕ ಸುತ್ತೀರಿ? ನಿನ್ನ ನೆಗೆಣ್ಣಿನ್ನ ವಿಮಾನದಾಗ ಕುಂದ್ರಸ್ರಿ, ಸಾಕು."

ಅಡುಗೆಮನೆಯಲ್ಲಿ ಮೈದುನನ ಹೆಂಡತಿ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು.

ಬ್ಯಾಡಗಿಯ ಬೀಗರು

ನಾದಿನಿಯನ್ನು ಬ್ಯಾಡಗಿಗೆ ಕೊಟ್ಟಿದ್ದೇವೆ. ಅವಳ ಮಾವ ಒಂದು ದಿನ ಒಳ್ಳೆಯ ಒಣಮೆಣಸಿನಕಾಯಿಯ ಚೀಲ ಹೊರಿಸಿಕೊಂಡು ಬಂದರು. ಮನೆಯಲ್ಲೆಲ್ಲ ಹುಡುಕಿ, ಧೂಳಿಲ್ಲದ, ತೇವವಿಲ್ಲದ ಜಾಗವೆಂದು ನಮ್ಮ ಶೆಡ್ಡನ್ನೇ ಆರಿಸಿ, ತಂತಿ ಸುತ್ತುವ ಮೇಜಿನ ಪಕ್ಕ ಚೀಲವನ್ನು ಧೊಪ್ಪನೆ ಇಳಿಸಿದರು.

ಮೊದಲು ಒಬ್ಬಳು ಸೀನಿದಳು. ಕೂದಲಿಗಿಂತ ಸಣ್ಣ ತಂತಿ ಪಟ್ಟನೆ ಹರಿಯಿತು. ಆಮೇಲೆ ಸಾಲು ಹಿಡಿದು ಎಲ್ಲರೂ ಸೀನಿದರು, ಸಾಲು ಹಿಡಿದೇ ತಂತಿಗಳೂ ಹರಿದವು. ಯಜಮಾನರು ಬೀಗರೆದುರು ಮಾತಾಡಲಾರದೆ, ಚೀಲ ನೋಡುತ್ತ ತಾವೂ ಸೀನಿದರು.

ಬೀಗರು ತಲೆಯಾಡಿಸಿದರು: "ಇಷ್ಟು ಸಣ್ಣ ತಂತಿ ಹಾಕ್ತೀರೇನ್ರಿ ವಿಮಾನಕ್ಕ? ಮ್ಯಾಲ ಹೋದಾಗ ಯಾರಿಗರ ನೆಗಡಿ ಬಂತಂದ್ರ?"

ಹಾವೇರಿ ಬಸ್ಸು

ಹಾವೇರಿಯ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲೆಂದು ಒಂದು ಸೆನ್ಸರನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಟಿದ್ದೆ. ಮೋಟೆಬೆನ್ನೂರು ದಾಟುವವರೆಗೂ ಪ್ರತಿ ತಗ್ಗಿಗೂ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ಕಂಡಕ್ಟರಿಗೆ ಕುತೂಹಲ.

"ಏನೈತ್ರಿ ಅಕ್ಕಾರ, ಅದರಾಗ?"

"ವಿಮಾನದ ಸಾಮಾನು," ಎಂದೆ, ಸ್ವಲ್ಪ ಗತ್ತಿನಿಂದಲೇ.

ಅವನು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ: "ನೋಡ್ರಿಪಾ, ವಿಮಾನಾನೂ ಕಡೀಕ ನಮ್ಮ ಬಸ್ಸಿಗೇ ಬರಬೇಕಾತು!"

ಗಿರಣಿಯ ಮುಂದೆ

ಹಿತ್ತಲಿಗೆ ಹೊಂದಿಕೊಂಡೇ ಒಬ್ಬ ಸಾಹೇಬರ ಹಿಟ್ಟಿನ ಗಿರಣಿ. ಅದು ಶುರುವಾದರೆ ಸೆನ್ಸರ್ ಅಳೆಯುವ ನಮ್ಮ ಮೀಟರಿನ ಮುಳ್ಳು ಗಡಗಡ ನಡುಗುತ್ತಿತ್ತು. ಹೋಗಿ ವಿನಂತಿಸಿಕೊಂಡೆ.

"ಅಯ್ಯ, ಅದಕ್ಕೇನ್ರಿ ಬಾಯಾರ! ನೀವು ಅಳೆಯೂ ಮುಂದ ಹೇಳಿ ಕಳಸ್ರಿ, ಬಂದ್ ಇಡ್ತೇನಿ," ಎಂದರು ಪಾಪ. ನುಡಿದಂತೆ ನಡೆದರು ಕೂಡ. ಆದರೆ ಬೀಸಿಸಲು ಜೋಳದ ಡಬ್ಬಿ ಹಿಡಿದು ಬಂದವರಿಗೆ ಅಳತೆ, ಮುಳ್ಳು ಎಂದೆಲ್ಲ ವಿವರಿಸುವ ತಾಳ್ಮೆ ಅವರಿಗಿರಲಿಲ್ಲ. "ಕುಂದರ್ರಿ, ಹಿಂದಿನ ಮನ್ಯಾಗ ವಿಮಾನ ಹಾರಾಕತ್ತೈತಿ," ಎಂದುಬಿಡುತ್ತಿದ್ದರು.

ಒಂದು ಮಧ್ಯಾಹ್ನ ನಾನು ಉಸಿರು ಬಿಗಿಹಿಡಿದು ಮುಳ್ಳು ನೋಡುತ್ತಿದ್ದಾಗ ಗೋಡೆಯಾಚೆಯಿಂದ ಅಜ್ಜಿಯೊಬ್ಬಳ ಕೂಗು ಬಂತು: "ಏ ತಂಗೀ! ಲಗೂ ಇಳಸವ್ವಾ ನಿನ್ನ ವಿಮಾನ! ಮನ್ಯಾಗ ರೊಟ್ಟಿಗೆ ಹಿಟ್ಟಿಲ್ಲ!"

ತಪಾಸಣೆಯ ದಿನ

ಕೊನೆಗೆ ಮೊದಲನೇ ಮಾಲು ಸಿದ್ಧವಾಯಿತು. ಬೆಂಗಳೂರಿನ ವಿಮಾನ ಕಾರ್ಖಾನೆಯಿಂದ ಇನ್‌ಸ್ಪೆಕ್ಟರ್ ಬಂದರು. ಇನ್ನೂ ಹುಡುಗುಮುಖ, ಇಸ್ತ್ರಿ ಮಾಡಿದ ಅಂಗಿ. ಸೆನ್ಸರನ್ನು ಮೇಜಿನ ಮೇಲೆ ಬಿಗಿದು, ಕೊಳವೆಯೊಳಗಿನ ದಂಡವನ್ನು ನಟ್ಟನಡುವೆ ನಿಲ್ಲಿಸಿದರು. ಮೀಟರಿನ ಮುಳ್ಳು ಸೊನ್ನೆಯ ಮೇಲೆ ಕೂತಿತು. ನನ್ನ ಜೀವವೂ ಕೂತಿತು.

ಅಷ್ಟರಲ್ಲಿ ಅತ್ತೆ ಚಹಾ ತಂದು ಮೇಜಿನ ಮೇಲೆ ಬಾಗಿದರು. ಮುಳ್ಳು ಚಂಗನೆ ಎದ್ದಿತು.

"ಮೇಡಂ, ದಂಡ ಅಲ್ಲೇ ಇದೆಯಲ್ಲ?" ಎಂದರು ಇನ್‌ಸ್ಪೆಕ್ಟರ್.

ಅತ್ತೆ ಒಳಗೆ ಹೋದರು, ಮುಳ್ಳು ಕೂತಿತು. ಮಂಡಕ್ಕಿ ಮಿರ್ಚಿ ತಂದರು, ಮತ್ತೆ ಎದ್ದಿತು. ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. "ಸಾರಿ ಮೇಡಂ. ದಂಡ ಸರಿಯದೆ ಮುಳ್ಳು ಸರಿದರೆ ಪಾಸ್ ಮಾಡೋಕಾಗಲ್ಲ."

ಬಾಗಿಲಲ್ಲಿ ನಿಂತಿದ್ದ ಮೈದುನ ಆಗಲೇ ಕಣ್ಣಲ್ಲೇ ಗೋಡೆ ಅಳೆಯುತ್ತಿದ್ದ. "ಚೀಲ ಈ ಗ್ವಾಡೀಗುಂಟ ಹಚ್ಚಬಹುದು," ಎಂದು ಗೊಣಗಿದ.

ಅತ್ತೆಯ ಮುಖ ಮಾತ್ರ ಅರಳಿತ್ತು. "ನಾ ಬಂದ್ರ ಎದ್ದು ನಿಂದರತೈತಿ ನೋಡ್ರಿ! ಕಲತ ಸೊಸೀಗಿಲ್ಲದ ಮರ್ಯಾದಿ ಯಂತ್ರಕ್ಕೈತಿ."

ಆಗ ಕಂಡೆ. ಅವರ ಸೊಂಟದ ಕಬ್ಬಿಣದ ಕೀಲಿಗೊಂಚಲು ಸೆನ್ಸರಿನ ಪಕ್ಕದಲ್ಲೇ ತೂಗುತ್ತಿತ್ತು. ಸೆನ್ಸರಿಗೆ ಹೊರಕವಚ ಇನ್ನೂ ತೊಡಿಸಿರಲಿಲ್ಲ; ಅಷ್ಟು ಹತ್ತಿರ ಕಬ್ಬಿಣ ಬಂದರೆ ಮುಳ್ಳು ಮೋಸಹೋಗುವುದು ಸಹಜ.

"ಅತ್ತೀ, ಲಗೂನ ಕೀಲಿ ಬಿಚ್ಚಿ ಕೊಡ್ರಿ!"

ಅತ್ತೆಯ ಕೈ ಸೊಂಟಕ್ಕೆ ಹೋಯಿತು. ನಾನು ಲಗ್ನವಾಗಿ ಬಂದಾಗಿನಿಂದ ಆ ಗೊಂಚಲನ್ನು ಅವರು ಯಾವ ಸೊಸೆಗೂ ಮುಟ್ಟಗೊಟ್ಟಿರಲಿಲ್ಲ.

"ಹಾಂ! ಬಂದೆಲ್ಲ ದಾರೀಗೆ! ವಿಮಾನದ ನೆವಾ ಹೇಳಿ ಕೀಲೀ ಕೇಳಾಕತ್ತೀಯೇನ?"

"ಅವ್ವಾ, ಸ್ವಲ್ಪ ಹೊತ್ತಿಗೆ," ಎಂದು ಯಜಮಾನರು ಕೈಮುಗಿದರು.

ಅತ್ತೆ ನನ್ನನ್ನು ನೋಡಿದರು, ನೆಗೆಣ್ಣಿಯನ್ನು ನೋಡಿದರು. ಕಡೆಗೆ ಗೊಂಚಲು ಬಿಚ್ಚಿ ಇನ್‌ಸ್ಪೆಕ್ಟರ ಕೈಗಿಟ್ಟರು. "ನೀ ಹಿಡಿಯಪಾ. ನೀ ನಮ್ಮನೀ ಮನಷ್ಯಾ ಅಲ್ಲ. ಕೆಳಗ ಮಾತ್ರ ಇಡಬ್ಯಾಡ."

ಇನ್‌ಸ್ಪೆಕ್ಟರು ಕೀಲಿ ಹಿಡಿದೇ ಮೇಜಿಗೆ ಬಂದರು. ಮುಳ್ಳು ಅವರಿಗೂ ಎದ್ದು ನಿಂತಿತು. ಆಗ ಅವರಿಗೆ ನಗು ತಡೆಯಲಿಲ್ಲ. ಹೊರಗೆ ಹೋಗಿ ಕಿಟಕಿಯಾಚೆ ನಿಂತರು. ಒಂದು ಕೈಯಲ್ಲಿ ಕೀಲಿ, ಇನ್ನೊಂದರಲ್ಲಿ ಪೆನ್ನು. ನಾನು ಒಂದೊಂದೇ ಸೆನ್ಸರ್ ಬಿಗಿದೆ, ಅವರು ಸರಳಿನ ಸಂದಿಯಿಂದ ಮುಳ್ಳು ನೋಡಿ ಬರೆದುಕೊಂಡರು. ಎಲ್ಲವೂ ಪಾಸ್. ಮೈದುನ ಸದ್ದಿಲ್ಲದೆ ಪೇಟೆಗೆ ಹೋದ.

ಸಹಿ ಬಿದ್ದ ಕೂಡಲೇ ಅತ್ತೆ ಗೊಂಚಲು ಇಸಿದುಕೊಂಡು, ಇನ್‌ಸ್ಪೆಕ್ಟರ ಎದುರೇ ಒಂದೊಂದೇ ಕೀಲಿ ಎಣಿಸತೊಡಗಿದರು. ಇನ್‌ಸ್ಪೆಕ್ಟರ ಮುಖ ಸಣ್ಣದಾಯಿತು.

"ಅಜ್ಜೀ, ನಾನು ಇನ್‌ಸ್ಪೆಕ್ಟರು. ನಾನು ಕೀಲಿ ಕದೀತೀನಾ?"

ಅತ್ತೆ ಎಣಿಕೆ ನಿಲ್ಲಿಸದೆ ಹೇಳಿದರು: "ಮುಂಜಾನಿಂದ ನಮ್ಮ ಸಾಮಾನು ಒಂದೊಂದ ತಪಾಸ ಮಾಡಿದಿ, ನಾವೇನರ ಸಿಟ್ಟಾದ್ವ್ಯಾ? ಸುಮ್ನ ನಿಂದ್ರು. ಎಲ್ಲಾ ಸರಿ ಇದ್ರ ನಿನ್ನನ್ನೂ ಪಾಸ್ ಮಾಡ್ತೇನಿ."