ಸಲಮಾಂಡರಿಗೆ ಉಪ್ಪಿನ ಸ್ನಾನ

ಮಹದೇವಪುರದ ಆಂಜಿನಪ್ಪನವರು ತಮ್ಮ ಬಾಡಿಗೆ ಕಟ್ಟಡದ ಗೇಟಿಗೆ ‘ನಾಯಿ, ಬೆಕ್ಕು ಸಾಕುವಂತಿಲ್ಲ’ ಎಂದು ಬೋರ್ಡು ಬರೆಸಿದಾಗ, ಸಲಮಾಂಡರ್ ಎಂಬ ಪ್ರಾಣಿಯೂ ಉಂಟೆಂದು ಯಾರೂ ಹೇಳಿರಲಿಲ್ಲ. ಎರಡನೇ ಮಹಡಿಯ ಕೃಪಾ ಹತ್ತು ದಿನಕ್ಕೆ ಊರಿಗೆ ಹೊರಟವಳು, ಗಾಜಿನ ತೊಟ್ಟಿಯಲ್ಲಿದ್ದ ಅದನ್ನು ತಂದು, “ಅಂಕಲ್, ನಿಮ್ಮನ್ನ ಬಿಟ್ರೆ ಯಾರನ್ನ ನಂಬ್ಲಿ?” ಎಂದಳು. ಆಂಜಿನಪ್ಪ ಉಬ್ಬಿಹೋಗಿ, “ನನ್ ಪ್ರಾಣ ಇರೋ ಗಂಟ ಇದಕ್ಕೇನೂ ಆಗಾಕಿಲ್ಲ ಕಣಮ್ಮ” ಎಂದು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟರು.

ನೀರಲ್ಲೇ ಬದುಕುವ, ಹಲ್ಲಿಯಂಥ ಗೇಣುದ್ದದ ಗುಲಾಬಿ ಜೀವ, ನಾಲ್ಕು ಕಾಲು, ಸದಾ ನಗುವ ಬಾಯಿ. (ಆ ಮನೆಯಲ್ಲಿ ಸದಾ ನಗುತ್ತಿದ್ದ ಮುಖ ಅದೊಂದೇ.) ಬಾಡಿಗೆದಾರರೆಲ್ಲ ನೋಡಲೆಂದು ಆಂಜಿನಪ್ಪ ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟರು. ನಾಲ್ಕನೇ ದಿನ ಅದರ ಒಂದು ಕಣ್ಣು ಮಂಜಾಗಿ, ಬೆನ್ನ ಮೇಲೆ ಹತ್ತಿಯಂಥ ಬೂಷ್ಟು ಕಟ್ಟಿತ್ತು. ಕೃಪಾಗೆ ಯಾವ ಮುಖ ತೋರಿಸುವುದೆಂದು ಆಂಜಿನಪ್ಪ ಹೆಂಡತಿಯನ್ನು ಕೂಗಿ ಕರೆದರು.

“ಬೀದಿಯೋರ್ನೆಲ್ಲ ಕರ್ದು ತೋರ್ಸಿದ್ರಲ್ಲ, ದೃಷ್ಟಿ ಆಗೈತೆ. ಉಪ್ಪು ನೀವಾಳಿಸ್ಬೇಕು,” ಎಂದರು ಹೆಂಡತಿ ಅಶ್ವತ್ಥಮ್ಮ.

“ಸುಮ್ಕಿರೇ, ಇದು ಸೈನ್ಸು,” ಎಂದು ಗದರಿ, ಆಂಜಿನಪ್ಪ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದರು. ಅಶ್ವತ್ಥಮ್ಮನೂ ಹತ್ತಿದರು.

ಮಾರತ್ತಹಳ್ಳಿಯ ಪಶುವೈದ್ಯರು ಟಾರ್ಚು ಬಿಟ್ಟು ನೋಡಿದರು. “ನೀರು ಬಿಸಿಯಾಗಿದೆ, ಗಲೀಜಾಗಿದೆ. ಇನ್‌ಫೆಕ್ಷನ್ನು. ಬೇರೆ ಟಬ್ಬಲ್ಲಿ ತಣ್ಣೀರಲ್ಲಿಡಿ, ದಿನಾ ನೀರು ಬದಲಾಯಿಸಿ. ಕಣ್ಣಿಗೆ ಈ ಡ್ರಾಪ್ಸು. ಚರ್ಮಕ್ಕೆ ದಿನಕ್ಕೆರಡು ಸಲ, ಹತ್ತು ನಿಮಿಷ ಉಪ್ಪುನೀರಿನ ಸ್ನಾನ.”

ಅಶ್ವತ್ಥಮ್ಮ ಗಂಡನ ಕಡೆ ತಿರುಗಿದರು. “ಉಪ್ಪು ಅಂದ್ರು. ಕೇಳಿಸ್ತಾ?”

ಅಲ್ಲಿಂದ ಆಂಜಿನಪ್ಪನವರ ಸೈನ್ಸಿಗೆ ಬೆಲೆ ಉಳಿಯಲಿಲ್ಲ. ಅಶ್ವತ್ಥಮ್ಮ ಡಾಕ್ಟರು ಹೇಳಿದಷ್ಟೇ ಉಪ್ಪು ಅಳೆದು, ಸಲಮಾಂಡರಿಗೆ ಮೂರು ಸುತ್ತು ನೀವಾಳಿಸಿ, ಆಮೇಲೆ ನೀರಿಗೆ ಹಾಕುತ್ತಿದ್ದರು. ತಂಪು ಬೇಕೆಂದು ಟಬ್ಬು ಏಸಿ ಇದ್ದ ಮಲಗುವ ಕೋಣೆ ಸೇರಿತು. ಆಂಜಿನಪ್ಪ ನಡುಮನೆಯ ನೆಲ ಸೇರಿದರು.

ಎಂಟನೇ ದಿನ ಬೂಷ್ಟು ಉದುರಿ ಕಣ್ಣು ಹೊಳೆಯಿತು. ಮಾತು ಉಳಿಯಿತೆಂಬ ಸಂತೋಷಕ್ಕೆ ಆಂಜಿನಪ್ಪ ಮೊದಲನೇ ಮಹಡಿಯ ವೀರೇಶನನ್ನು ತಬ್ಬಿಕೊಂಡು ಅತ್ತು, ಅವನದೇ ಟವೆಲಿನಲ್ಲಿ ಕಣ್ಣೊರೆಸಿಕೊಂಡರು. ವೀರೇಶನಿಗೆ ಮದ್ರಾಸ್ ಐ ಇತ್ತು.

ಹತ್ತನೇ ದಿನ ಕೃಪಾ ಬಂದಳು. ನಗುತ್ತಿದ್ದ ಸಲಮಾಂಡರನ್ನು ಕಂಡು ಅಶ್ವತ್ಥಮ್ಮನ ಕೈ ಹಿಡಿದುಕೊಂಡಳು. “ಆಂಟಿ, ಅಂಕಲ್ ಎಲ್ಲಿ?”

“ಕಣ್ಣು ಬಂದೈತೆ. ಟೆರೇಸ್ ರೂಮಲ್ಲಿ ಬೇರೆ ಇಟ್ಟಿವ್ನಿ, ದಿನಾ ನೀರು ಬದ್ಲಾಯಿಸ್ತೀನಿ,” ಎಂದು ಅಶ್ವತ್ಥಮ್ಮ ಅಂಗಳದ ನೀಲಿ ಡ್ರಮ್ಮಿಗೆ ನೀರಿನ ಪೈಪು ಬಿಟ್ಟರು. “ಇದಕ್ಕೆ ಔಷ್ದಿ ಕೊಟ್ಟ ಡಾಕ್ಟ್ರಿಗೆ ಒಂದು ಫೋನ್ ಮಾಡಮ್ಮ. ಎಪ್ಪತ್ತೆಂಟು ಕೇಜಿಗೆ ಉಪ್ಪು ಎಷ್ಟಾಕ್ಬೇಕು ಕೇಳು.”