ಎಮ್ಮೆದೊಡ್ಡಿಯಿಂದ ಪರದೇಶಕ್ಕೆ ಹೋದ ಮುಯ್ಯಿ

ಬೇರೆಯವರು ಮನೆಯಿಂದ ಹೊರಟರೆ ಹೋಗಬೇಕಾದ ಊರು ಸೇರುತ್ತಾರೆ. ನಾನು ಹೊರಟರೆ ದಾರಿಯಲ್ಲಿ ಏನಾದರೊಂದು ನಡೆದೇ ತೀರುತ್ತದೆ. ಇದು ನನ್ನ ಜಾತಕದಲ್ಲೇ ಇದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಅದೂ ನಗದೆ.

ಎಪ್ಪತ್ತರ ದಶಕ ಮುಗಿದು ಎಂಬತ್ತರದು ಕಣ್ಣು ಬಿಡುತ್ತಿದ್ದ ಕಾಲದಲ್ಲಿ ನಾನು ಕಡೂರಿನಲ್ಲಿ ಪರದೇಶದ ಒಂದು ಕ್ರೈಸ್ತ ಸೇವಾ ಸಂಸ್ಥೆಗೆ ಬೆನ್ನೆಲುಬಾಗಿದ್ದೆ. ಅವರು ನನ್ನನ್ನು ಜೀಪ್ ಡ್ರೈವರ್ ಎಂದು ಕರೆಯುತ್ತಿದ್ದರು, ಅದು ಅವರ ಸಂಕೋಚ. ಹಣೆಗೆ ದಪ್ಪಗೆ ವಿಭೂತಿ ಬಳಿದುಕೊಂಡು, ಏಸುಸ್ವಾಮಿಯ ಚಿತ್ರ ಅಂಟಿಸಿದ ಜೀಪನ್ನು ಅಜ್ಜಂಪುರ, ತರೀಕೆರೆ, ಕಡೂರು ಎಂದು ಓಡಿಸುತ್ತಿದ್ದೆ. ಎರಡೂ ಕಡೆಯ ದೇವರು ಕಾಯುತ್ತಿದ್ದರು. ಬ್ರೇಕ್ ಹಿಡಿಯುತ್ತಿರಲಿಲ್ಲವಾದ್ದರಿಂದ ಇಬ್ಬರೂ ಬೇಕಿತ್ತು.

ಸಂಸ್ಥೆ ಎಂದರೆ ಒಬ್ಬರೇ ಫಾದರ್. ತೆಂಗಿನಮರದಂಥ ಆಳು. ಕನ್ನಡವನ್ನು ಪುಸ್ತಕದಿಂದ ಕಲಿತವರು. ಯಾರಿಗೂ ನಿಮ್ಮ ಮತ ಬಿಟ್ಟು ಬನ್ನಿ ಎಂದವರಲ್ಲ. ಇರುವೆ ಸಾಲಾಗಿ ಹೋದರೂ ನಿಂತು, "ಏಕೆ?" ಎಂದು ಕೇಳುವವರು.

ಸರ್ಕಾರಿ ದನ ಮೇಯುವ ಹುಲ್ಲುಗಾವಲಾದ ಎಮ್ಮೆದೊಡ್ಡಿ ಕಾವಲಿನ ಅಂಚಿಗೆ ಕಂಬಳಿ ನೇಯುವವರ ಒಂದು ಹಟ್ಟಿ ಇತ್ತು. ಅಲ್ಲಿ ನೀರಿರಲಿಲ್ಲ. ಹೆಂಗಸರು ದೂರದ ಕಟ್ಟೆಯಿಂದ ಹೊರಬೇಕು. ಬೇಸಿಗೆಯಲ್ಲಂತೂ ದನ ಕುಡಿದು ಬಿಟ್ಟದ್ದು ಇವರ ಪಾಲು. ಆ ಹಟ್ಟಿಗೊಂದು ಬೋರ್‌ವೆಲ್ ಹಾಕಿಸಬೇಕೆಂದು ಫಾದರ್ ಹಟ ತೊಟ್ಟಿದ್ದರು. ಈಗ ಹೇಳುವುದೆಲ್ಲ ಆ ಬೋರ್‌ವೆಲ್ಲಿನ ದಾರಿಯಲ್ಲಿ ಆದದ್ದು.

ಅಣ್ಣನ ಕೋಟು

ಮೊದಲು ಬಂದದ್ದು ನೀರಲ್ಲ, ಬಟ್ಟೆ. ಪರದೇಶದ ಪುಣ್ಯವಂತರು ಕಳಿಸಿದ ಬಟ್ಟೆಯ ಮೂಟೆ ಅಜ್ಜಂಪುರ ಸ್ಟೇಷನ್ನಿಗೆ ಬಂದಿಳಿಯಿತು. ಬಿಚ್ಚಿದರೆ ಬರೀ ಉಣ್ಣೆ ಓವರ್‌ಕೋಟುಗಳು! ಒಂದೊಂದೂ ಒಂದು ಕುರಿಯಷ್ಟು ತೂಕ. ಹೊರಗೆ ಏಪ್ರಿಲ್ ಬಿಸಿಲು. "ಕೊಟ್ಟು ನೋಡಿ ಫಾದರ್, ಮೈಮೇಲಿಂದ ಕಳಚೋದಿಲ್ಲ ಜನ. ಈ ತಾಲ್ಲೂಕಿನ ನಾಡಿ ನನಗೆ ಗೊತ್ತು" ಎಂದೆ. ಹಟ್ಟಿಯಲ್ಲಿ ಹಂಚಿದೆವು.

ಕೆಲವು ತಿಂಗಳು ಬಿಟ್ಟು, ಮಳೆಗಾಲದಲ್ಲಿ ಹೋದರೆ ಒಬ್ಬರ ಮೈಮೇಲೂ ಕೋಟಿಲ್ಲ. ಹಟ್ಟಿಯ ಯಜಮಾನಿಕೆ ಒಬ್ಬ ಅಜ್ಜಿಯದು. ಫಾದರ್ ಆಕೆಯನ್ನು, "ತಾಯೀ, ಆ ಅಂಗಿಗಳು ಎಲ್ಲಿರುವವು?" ಎಂದು ಕೇಳಿದರು.

ಅಜ್ಜಿ ಹೊಲದ ಕಡೆ ಕೈ ತೋರಿಸಿದಳು. ಶೇಂಗಾ ಹೊಲದ ನಡುವೆ ಎರಡು ಕೋಲಿಗೆ ಕಂದು ಕೋಟು ತೊಡಿಸಿ, ಗುಂಡಿ ಹಾಕಿ, ತಲೆಗೆ ಮಡಕೆ ಕವುಚಿ ಬೆದರುಬೊಂಬೆ ನಿಲ್ಲಿಸಿದ್ದರು. ಫಾದರ್ ಹತ್ತಿರ ಹೋಗಿ ಕೋಟಿನ ಕಾಲರ್ ತಿರುಗಿಸಿ, ಒಳಗೆ ಹೊಲಿದಿದ್ದ ಹೆಸರು ಓದಿ, ದಿಗ್ಭ್ರಮೆಯಿಂದ ಹೇಳಿದರು: "ಇದು ನನ್ನ ಅಣ್ಣನದು."

ನನಗೆ ಜೀವ ಹೋಯಿತು. ಅಜ್ಜಿಗೆ ಮಾತ್ರ ಮುಖವರಳಿತು. "ಹೌದೇನ್ ಸ್ವಾಮಿ! ನಿಮ್ಮಣ್ಣಂಗೆ ಕೈ ಮುಗಿದೆ ಅಂತ ಹೇಳಿ. ಅವರು ನಿಂತ ಮೇಲೆ ಒಂದು ಹಂದಿನೂ ಹೊಲದೊಳಕ್ಕೆ ಕಾಲಿಟ್ಟಿಲ್ಲ!"

ಫಾದರ್ ನೀರು ಹೊತ್ತದ್ದು

ಹೆಂಗಸರ ಕಷ್ಟ ಎಷ್ಟಿದೆ ಎಂದು ತಿಳಿಯಲು ಫಾದರ್ ತಾವೇ ಒಂದು ಕೊಡ ಹೊರುತ್ತೇನೆ ಎಂದರು. ಅಜ್ಜಿ ತನ್ನ ಮಣ್ಣಿನ ಕೊಡವನ್ನು ಒಲ್ಲದ ಮನಸ್ಸಿನಿಂದ ಕೊಟ್ಟಳು. ನಾನೂ ಹೊರಬಹುದಿತ್ತು, ಎರಡು ಕೊಡ ತಲೆ ಮೇಲೆ, ಒಂದು ಕಂಕುಳಲ್ಲಿ. ಆದರೆ ಜೀಪಿನ ಕೀ ಹಿಡಿದುಕೊಳ್ಳಲು ಯಾರಾದರೂ ಬೇಕಲ್ಲ?

ಕಟ್ಟೆಯಿಂದ ಫಾದರ್ ಸಿಂಬಿಯ ಮೇಲೆ ಕೊಡ ಇಟ್ಟುಕೊಂಡು ಹೊರಟರು. ಹಿಂದೆ ಹಟ್ಟಿಯ ಹೆಂಗಸರೆಲ್ಲ, ಮದುವೆ ಮೆರವಣಿಗೆಯಂತೆ. "ಬಗ್ಗಬೇಡಿ ಸ್ವಾಮಿ!" "ಸೊಂಟ ಬಿಡ್ರೀ, ಸೊಂಟ!" ಎಂದು ಸಲಹೆಗಳು. ಒಂದು ತೊಟ್ಟೂ ತುಳುಕಿಸದೆ ಅವರು ಹಟ್ಟಿಯ ಬಾಗಿಲಿನವರೆಗೂ ಬಂದುಬಿಟ್ಟರು. ಅಲ್ಲಿ ಜಾಲಿಮರದ ಕೊಂಬೆ ಇತ್ತು. ಹಟ್ಟಿಯ ಹೆಂಗಸರ ಎತ್ತರಕ್ಕೆ ಅದು ಎಂದೂ ಅಡ್ಡ ಬಂದದ್ದಲ್ಲ. ಫಾದರ್ ಎತ್ತರಕ್ಕೆ ಬಂತು. ಕೊಡ ಅಲ್ಲೇ ಉಳಿಯಿತು, ಫಾದರ್ ಮುಂದೆ ಹೋದರು. ಢಬ್!

ತಲೆಯಿಂದ ಕಾಲಿನವರೆಗೆ ಒದ್ದೆಯಾಗಿ, ಕಣ್ಣು ತುಂಬಿಕೊಂಡು ಅವರು ಹೇಳಿದರು: "ತಾಯೀ, ನಿಮ್ಮ ಕಷ್ಟ ಅರಿತೆನು. ಬೋರ್‌ವೆಲ್ ಹಾಕಿಸಿಯೇ ತೀರುವೆನು."

"ಅದು ಆಮೇಲಾಗ್ಲಿ" ಎಂದಳು ಅಜ್ಜಿ, ಚೂರುಗಳನ್ನು ನೋಡುತ್ತ. "ಮೊದಲು ಕೊಡ ಕೊಡಿಸ್ರಿ."

ಹಿಂಬಾಲಕ

ಬೋರ್‌ವೆಲ್ಲಿಗೆ ದುಡ್ಡು ಕೊಡಲು ಸಂಸ್ಥೆಯ ಪರದೇಶದ ಹಿರಿಯರು ಒಪ್ಪಿದರು, ಒಂದು ಷರತ್ತಿನ ಮೇಲೆ: ಹಟ್ಟಿಯವರು ಸಭೆ ಸೇರಿ, ತಾವೇ ಕೈ ಎತ್ತಿ ಬೇಕು ಎನ್ನಬೇಕು, ಬಲವಂತದ ಉಪಕಾರ ಕೂಡದು. ಬೇಕು ಅನ್ನದೆ ಏನು ಮಾಡ್ತಾರೆ ಎಂದು ನಾನು ನಕ್ಕೆ. ಸಭೆಯ ದಿನ ಜೀಪು ಮುಂದೆ, ಬೋರ್ ಕೊರೆಯುವ ಲಾರಿ ಹಿಂದೆ, ಕಾವಲಿನೊಳಗೆ ಹೊರಟೆವು. ದಾರಿಗೆ ಅಡ್ಡಲಾಗಿ ಒಂದು ಅಮೃತಮಹಲ್ ಹೋರಿ ಮಲಗಿತ್ತು. ಒಂದೊಂದು ಕೊಂಬೂ ನನ್ನ ತೋಳುದ್ದ.

ನಾನು ಹಾರನ್ ಹೊಡೆದೆ. ಅದು ಕಿವಿ ಆಡಿಸಿತು. ನಾನು ಇಳಿದು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಜೀಪಿನ ಮೇಲೆ ನಿಂತೇ ನೋಡಿದ್ದು ಎಂದು ಲಾರಿಯವನು ಈಗಲೂ ಹೇಳುತ್ತಾನೆ, ಅವನಿಗೆ ದೃಷ್ಟಿ ಮಂದ. ಕೊನೆಗೆ ಫಾದರ್ ಬೇಸರ ಕಳೆಯಲು ಮೆಲ್ಲಗೆ ತಮ್ಮ ದೇವರ ಹಾಡು ಗುನುಗಿದರು. ಹೋರಿ ಎದ್ದಿತು. ದಾರಿ ಬಿಟ್ಟಿತು. ಆಮೇಲೆ ಜೀಪಿನ ಹಿಂದೆಯೇ ಹೆಜ್ಜೆ ಹಾಕತೊಡಗಿತು!

ಕಾವಲುಗಾರ ಓಡಿಬಂದ. "ಏನ್ರೀ, ಸರ್ಕಾರಿ ಹೋರಿ ಹೊಡ್ಕೊಂಡು ಹೋಗ್ತಿದ್ದೀರಾ?"

"ನಾವು ಕರೀಲಿಲ್ಲ ಕಣಯ್ಯಾ, ಹಾಡು ಕೇಳಿ ಅದೇ ಬಂತು" ಎಂದೆ.

ಫಾದರ್ ಹಿಂದೆ ತಿರುಗಿ ನೋಡಿ ನಿಟ್ಟುಸಿರು ಬಿಟ್ಟರು. "ಇಷ್ಟು ವರ್ಷದಲ್ಲಿ ನನ್ನನ್ನು ಹಿಂಬಾಲಿಸಿದ್ದು ಇದೊಂದೇ. ಇದನ್ನೂ ಸರ್ಕಾರ ಬಿಡುತ್ತಿಲ್ಲ."

ಯಾರೂ ಎತ್ತದ ಕೈ

ಸಭೆ ಹುಣಸೆಮರದಡಿ ಸೇರಿತು. ಅಷ್ಟಕ್ಕೇ ಕೈ ಎತ್ತಿಸಿ ಮುಗಿಸಬಹುದಿತ್ತು. ಆದರೆ ಅಜ್ಜಿ, "ಅದ್ಸರಿ, ಇದನ್ನ ಕೊಡೋರು ಯಾರು? ಅವರ ಊರು ಹೆಂಗೈತೆ?" ಎಂದುಬಿಟ್ಟಳು. ಫಾದರ್ ಖುಷಿಯಾಗಿ ಚೀಲದಿಂದ ತಮ್ಮೂರಿನ ಫೋಟೋಗಳನ್ನು ತೆಗೆದರು.

"ಇದೇನ್ ಸ್ವಾಮಿ, ಒಂದು ಮರದಾಗೂ ಎಲೆ ಇಲ್ಲ?"

"ಚಳಿಗಾಲ, ತಾಯೀ. ಎಲ್ಲ ಉದುರುವವು."

"ನೆಲದ ಮೇಲೆ ಬೆಳ್ಳಗೆ?"

"ಹಿಮ."

ನಾನು ನಡುವೆ ಬಾಯಿ ಹಾಕಿ, "ಕೆಮ್ಮಣ್ಣುಗುಂಡಿ ಚಳಿನ ಹತ್ತರಷ್ಟು ಮಾಡಿ ಅಜ್ಜಿ, ಅಷ್ಟು" ಎಂದು ವಿವರಿಸಿದೆ. ಆ ವಿವರಣೆಯೇ ಮುಳುವಾಯಿತು.

"ಆಗ ಏನು ಬೆಳೀತಾರೆ?"

"ಏನೂ ಬೆಳೆಯುವುದಿಲ್ಲ."

"ಬೀದಿಲಿ ಒಂದು ನರಪಿಳ್ಳೆ ಇಲ್ಲ. ಗುಳೆ ಹೋಗವ್ರಾ?" ಫಾದರ್ ಮುಂದಿನ ಫೋಟೋ ತೆಗೆದರು. ಒಬ್ಬ ಮುದುಕಿ ಸಲಿಕೆ ಹಿಡಿದು ಬಾಗಿಲ ಮುಂದಿನ ಹಿಮ ಎತ್ತಿ ಹಾಕುತ್ತಿದ್ದರು. "ನನ್ನ ತಾಯಿ" ಎಂದರು ಫಾದರ್ ಹೆಮ್ಮೆಯಿಂದ.

ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಫಾದರ್, "ಬೋರ್‌ವೆಲ್ ಬೇಕೆನ್ನುವವರು ಕೈ ಎತ್ತಿರಿ" ಎಂದರೆ, ಒಂದು ಕೈಯೂ ಮೇಲೇಳಲಿಲ್ಲ.

"ಲೇ ಅಜ್ಜೀ, ಏನಾಯ್ತೇ ನಿಂಗೆ? ಅವರು ಸಾಹುಕಾರ್ರು ಕಣೇ!" ಎಂದೆ.

"ಸಾಹುಕಾರ್ರ ತಾಯಿ ಯಾಕ್ಲಾ ಈ ವಯಸ್ಸಲ್ಲಿ ಸಲಿಕೆ ಹಿಡೀತಾಳೆ? ಆ ಚಳೀಲಿ ಇವರಣ್ಣ ಕೋಟಿಲ್ದೆ ನಡುಗ್ತಾ ಕೂತಿರ್ತಾನೆ, ಅದು ನಮ್ಮ ಹೊಲ ಕಾಯ್ತಾ ನಿಂತೈತೆ! ಅಂಥೋರ ಹತ್ರ ಈಸ್ಕೊಂಡು ನೀರು ಕುಡಿದ್ರೆ ಗಂಟಲಲ್ಲಿ ಇಳೀತದಾ?"

ಲಾರಿಯವನು ಎಂಜಿನ್ ಚಾಲೂ ಮಾಡಿದ. "ಬ್ಯಾಡ ಅಂದ್ರೆ ತರೀಕೆರೆ ಕಡೆಯೋರು ಕಾಯ್ತಾವ್ರೆ, ನಾ ಹೊರಟೆ." ಫಾದರ್ ಮುಖ ಬಿಳಿಚಿತು, ಮೊದಲೇ ಬಿಳಿ. ಬೇಸಿಗೆ ಎದುರಿಗಿತ್ತು, ಕಟ್ಟೆ ಆಗಲೇ ಕೆಸರಾಗಿತ್ತು. ಆಗ ನನ್ನ ಮೆದುಳು, ವರ್ಷಕ್ಕೊಮ್ಮೆ ಮಾಡುವಂತೆ, ಕೆಲಸ ಮಾಡಿತು.

"ದಾನ ಅಂತ ಯಾಕೆ ತಗೋತೀಯ? ಮುಯ್ಯಿ ಅಂತ ತಗೋ. ಮದುವೇಲಿ ಅವರು ನಮಗಿಕ್ಕೋದು, ನಾವು ಅವರಿಗೆ ತಿರುಗಿಸೋದು ಇಲ್ವಾ? ಹಂಗೆ."

ಅಜ್ಜಿ ಯೋಚಿಸಿದಳು. "ಮುಯ್ಯಿ ಅಂದ್ರೆ ಸರಿ. ಆದ್ರೆ ಕಷ್ಟದಾಗಿರೋರು ಅವರು, ನಮ್ಮ ಮುಯ್ಯಿ ಮೊದಲು ಹೋಗ್ಬೇಕು."

ಅಣ್ಣನ ಕೋಟನ್ನು ಹೊಲದಿಂದ ಕಳಚಿ, ಕೊಡವಿ ತಂದರು. ಹೊಸ ಕರಿ ಕಂಬಳಿ ಒಂದು, ರಾಗಿ ಒಂದು ಚೀಲ, ಎಲ್ಲ ಜೀಪಿಗೆ ಬಿತ್ತು. ಬಿದ್ದ ಮೇಲೆ ಎಲ್ಲರ ಕೈಯೂ ಮೇಲೆದ್ದಿತು. ಲಾರಿಯವನದ್ದೂ.

ಮುಯ್ಯಿ ತಲುಪಿದ ಬಗೆ

ನೀರು ಬಿತ್ತು, ಸಿಹಿನೀರು. ಜಾಗ ತೋರಿಸಿದ್ದು ಬೇರೆಯವರಾದರೂ ಲಾರಿಗೆ ರಿವರ್ಸ್ ಹೇಳಿದ್ದು ನಾನೇ. ಕೈಪಂಪು ಬಂತು. ಮುಯ್ಯಿಯನ್ನು ಫಾದರ್ ಹಡಗಿನಲ್ಲಿ ಕಳಿಸಿಕೊಟ್ಟರು.

ಹಲವು ತಿಂಗಳಾದ ಮೇಲೆ ಪರದೇಶದಿಂದ ಫೋಟೋಗಳು ಬಂದವು. ಫಾದರ್ ಹಟ್ಟಿಗೆ ಧಾವಿಸಿದರು. ಪಂಪು ಒತ್ತುತ್ತಿದ್ದ ಹೆಂಗಸರು ಕೈಬಿಟ್ಟು ಸುತ್ತ ನಿಂತರು. ಮೊದಲನೆಯದರಲ್ಲಿ ಅಣ್ಣ ಕೋಟು ತೊಟ್ಟು ನಗುತ್ತಿದ್ದ. "ಅಪ್ಪಾ, ಬೆಚ್ಚಗಾದ" ಎಂದು ಎಲ್ಲರೂ ಉಸಿರುಬಿಟ್ಟರು. ಎರಡನೆಯದರಲ್ಲಿ ಫಾದರ್ ತಾಯಿಯ ಮನೆ. ಕಂಬಳಿಯನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿ, ಮೇಲೊಂದು ದೀಪ ಬಿಟ್ಟಿದ್ದರು. ಮೂರನೆಯದರಲ್ಲಿ ಹಿಮದ ನಡುವೆ ಪುಟ್ಟ ಮರದ ಗೂಡು, ಅದರ ತುಂಬ ನಮ್ಮ ರಾಗಿ, ಮುತ್ತಿಕೊಂಡ ಹಕ್ಕಿಗಳು.

"ನೋಡಿರಿ, ಎಷ್ಟು ಗೌರವದಿಂದ ಇರಿಸಿರುವರು!" ಎಂದರು ಫಾದರ್.

ಅಜ್ಜಿ ಫೋಟೋಗಳನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಕಂಬಳಿ ಗೋಡೆಗೆ ಹೊದ್ಸವ್ರೆ. ಚಳಿ ಗೋಡೆಗಾ, ಆಯಮ್ಮಂಗಾ? ರಾಗಿ ಹಕ್ಕಿಗಿಕ್ಕವ್ರೆ." ಸಿಟ್ಟಿರಲಿಲ್ಲ, ಬರೀ ಮರುಕ. "ಪಾಪ, ಅವರ ತಪ್ಪಲ್ಲ ಬಿಡಿ. ಹೇಳಿಕೊಡೋರಿಲ್ಲ. ಫಾದರ್, ನೀವು ಬಂದು ನಮ್ಮ ನೀರಿನ ಕಷ್ಟ ಕಳೆದ್ರಿ. ನಾವೂ ಒಬ್ಬರನ್ನ ಅಲ್ಲಿಗೆ ಕಳಿಸಬೇಕು. ಮುದ್ದೆ ತಿರುವೋದು, ಕಂಬಳಿ ಹೊದ್ಕೊಳ್ಳೋದು ಕಲಿಸಿ ಬರ್ಲಿ."

ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಈ ತಾಲ್ಲೂಕಿನಲ್ಲಿ ಪರದೇಶ ಸೇವೆಗೆ ತಕ್ಕವರು ಇನ್ಯಾರಿದ್ದರು? ನಾನು ಕಾಲರ್ ಸರಿಮಾಡಿಕೊಂಡು, ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದಳು.

"ಇವನು ಬ್ಯಾಡ ಕಣ್ರೀ. ಅವರು ಮೊದಲೇ ಕಷ್ಟದಾಗವ್ರೆ."